ಎಂಟನೇ ನಂಬರಿನ ಬೂಟಿಗೆ ಹೊಂದಿಕೊಳ್ಳದ ಪಾದಗಳ ಕುರಿತು

ಸೇನಾಧಿಕಾರಿ ತರಬೇತಿ ಶಾಲೆ
ನಿರ್ದೇಶಕರ ಕಚೇರಿ

ಸಂಖ್ಯೆ: ಸೇತಶಾ/ಪಾದ/8/31

ವಿಷಯ: ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಹೋಗುವ ಅಭ್ಯರ್ಥಿಗಳು ಕಾಲನ್ನು ನೆಪ ಮಾಡುತ್ತಿರುವ ಬಗ್ಗೆ.

ಉಲ್ಲೇಖ: 1) ಉಗ್ರಾಣದ ಪಾದ ವಹಿ. 2) ಅಭ್ಯರ್ಥಿ ಸಂಖ್ಯೆ 31 ರವರ ಅರ್ಜಿಗಳು (ಒಟ್ಟು ಒಂಬತ್ತು, ಓದಿರುವುದಿಲ್ಲ).

ಈ ಸಾಲಿನಲ್ಲಿ ಸೇರಿದ ಅರವತ್ತು ಅಭ್ಯರ್ಥಿಗಳ ಪೈಕಿ ಹತ್ತೊಂಬತ್ತು ಮಂದಿ ತರಬೇತಿ ಮುಗಿಯುವ ಮುನ್ನವೇ ಗಂಟುಮೂಟೆ ಕಟ್ಟಿರುತ್ತಾರೆ. ಕಾರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಹತ್ತೊಂಬತ್ತು ಮಂದಿಗೂ 'ಮನೋಬಲದ ಕೊರತೆ' ಇದ್ದುದು ಕಂಡುಬಂದಿದೆ. ಸದರಿ ಕಾರಣದ ರಬ್ಬರ್ ಮೊಹರನ್ನು ತರಬೇತಿ ಆರಂಭವಾಗುವ ಮೊದಲೇ ಮಾಡಿಸಲಾಗಿತ್ತು. ಆದಾಗ್ಯೂ ಕೆಲವರು ಬೂಟಿನ ಮೇಲೆ ಗೂಬೆ ಕೂರಿಸುತ್ತಿರುವುದರಿಂದ ಈ ಕೆಳಕಂಡಂತೆ ಆದೇಶಿಸಿದೆ.

1. ಉಗ್ರಾಣದಲ್ಲಿ ಎಂಟನೇ ನಂಬರಿನ ಬೂಟು ಮಾತ್ರ ಇರುವ ಕಾರಣ, ಅರವತ್ತೂ ಅಭ್ಯರ್ಥಿಗಳ ಪಾದವನ್ನು ವಹಿಯಲ್ಲಿ ಎಂಟನೇ ನಂಬರು ಎಂದೇ ನಮೂದಿಸಿ ಸಹಿ ಪಡೆಯಲಾಗಿದೆ. ವಹಿಗೂ ಪಾದಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ವಹಿಯೇ ಅಂತಿಮ. ಪಾದವು ತಪ್ಪು ಮಾಹಿತಿ ನೀಡಿದೆ ಎಂದು ಭಾವಿಸತಕ್ಕದ್ದು.

2. ಕಾಲು ಚಿಕ್ಕದಾಗಿರುವವರು ಬೂಟಿನ ಮೂತಿಗೆ ಹಳೆಯ ಸುತ್ತೋಲೆಗಳನ್ನು ತುರುಕಿಕೊಳ್ಳಬಹುದು. ಈ ಸುತ್ತೋಲೆಯನ್ನು ತುರುಕತಕ್ಕದ್ದಲ್ಲ.

3. ಕಾಲಿನ ಬೊಬ್ಬೆಗಳು ಬೆಳಗಿನ ಕವಾಯತಿಗೆ ಮೊದಲು ಅಥವಾ ಸಂಜೆಯ ಹಾಜರಾತಿಯ ನಂತರ ಮಾತ್ರ ಒಡೆಯತಕ್ಕದ್ದು. ಕುಂಟುವವರು ಎಡ-ಬಲ ತಾಳಕ್ಕೆ ಸರಿಯಾಗಿ ಕುಂಟತಕ್ಕದ್ದು. ಒಬ್ಬರು ಕುಂಟಿದಲ್ಲಿ ಇಡೀ ಸಾಲು ಕುಂಟಿ ಏಕರೂಪತೆ ಕಾಪಾಡುವುದು.

4. ಅಭ್ಯರ್ಥಿ 31 ರವರು ತಮ್ಮ ಕಾಲು ಹತ್ತನೇ ನಂಬರಿನದೆಂದು ಹಟ ಹಿಡಿದಾಗ, ಉಗ್ರಾಣದ ಗುಮಾಸ್ತರು ಪಿತೃವಾತ್ಸಲ್ಯದಿಂದ, "ಹಾಕ್ಕೊಂಡು ನಾಲ್ಕು ದಿನ ಓಡಾಡಪ್ಪಾ, ಚರ್ಮ ತಾನಾಗೇ ಸಡಿಲ ಆಗುತ್ತೆ" ಎಂದಿರುತ್ತಾರೆ. ಅದಕ್ಕೆ ಸದರಿಯವರು "ಯಾರ ಚರ್ಮ ಸಾರ್?" ಎಂದು ಕೇಳಿದ್ದು, ಸಾಲಿನಲ್ಲಿ ನಿಂತಿದ್ದವರು ನಕ್ಕಿರುತ್ತಾರೆ. ಇನ್ನು ಮುಂದೆ ಉಗ್ರಾಣದ ಎದುರು ನಗಲಿಚ್ಛಿಸುವವರು ಮೂರು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

5. ಬಸ್ ಕಂಡಕ್ಟರ್ ಆಗಿರುವ ಸದರಿಯವರ ತಾಯಿ ಹತ್ತನೇ ನಂಬರಿನ ಬೂಟುಗಳನ್ನು ಪಾರ್ಸೆಲ್ ಮಾಡಿರುತ್ತಾರೆ. ಜೊತೆಗಿದ್ದ ಚೀಟಿಯಲ್ಲಿ, "ಮಗಾ, ದಿನವೆಲ್ಲಾ ನಿಂತೇ ಕೆಲಸ ಮಾಡೋಳು ನಾನು, ಕಾಲಿನ ಕಷ್ಟ ನಂಗೊತ್ತು. ಇಷ್ಟು ದೂರ ಬಂದು ಕೊನೇ ಸ್ಟಾಪಿಗೆ ಮುಂಚೆ ಇಳ್ಕೋಬೇಡ" ಎಂದಿದೆ. ವಹಿಯ ಪ್ರಕಾರ ಈ ಶಾಲೆಯಲ್ಲಿ ಹತ್ತನೇ ನಂಬರಿನ ಪಾದವೇ ಇಲ್ಲದ ಕಾರಣ, ಪಾರ್ಸೆಲ್ಲಿಗೆ ವಾರಸುದಾರರಿಲ್ಲವೆಂದು ತೀರ್ಮಾನಿಸಿ ನಿರ್ದೇಶಕರ ಕೊಠಡಿಯಲ್ಲಿ ಇರಿಸಲಾಗಿದೆ.

6. ಕೊನೆಯ ಪರೀಕ್ಷೆಯಾದ ಮೂವತ್ತು ಕಿಲೋಮೀಟರ್ ನಡಿಗೆಯನ್ನು ಸದರಿಯವರು ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ನಡೆದು, ಎಲ್ಲರಿಗಿಂತ ಮೊದಲು ಗುರಿ ಮುಟ್ಟಿರುವುದು ಈ ಕಚೇರಿಗೆ ತೀವ್ರ ಮುಜುಗರ ತಂದಿದೆ. ಆದರೂ ನ್ಯಾಯ ನ್ಯಾಯವೇ. ಬೂಟುಗಳು ಪೂರ್ಣ ದೂರ ಕ್ರಮಿಸಿರುವುದು ದೃಢಪಟ್ಟಿರುವುದರಿಂದ, ಬೂಟುಗಳು ಉತ್ತೀರ್ಣವಾಗಿವೆಯೆಂದು ಈ ಮೂಲಕ ಘೋಷಿಸಲಾಗಿದೆ. ನಿರ್ಗಮನ ಪಥಸಂಚಲನದಲ್ಲಿ ಅವು 31ನೇ ಸ್ಥಾನದಲ್ಲಿ ನಿಲ್ಲತಕ್ಕದ್ದು. ಕಿರಿಯರು ಅವಕ್ಕೆ ಸೆಲ್ಯೂಟ್ ಹೊಡೆಯತಕ್ಕದ್ದು.

7. ಸದರಿ ಬೂಟುಗಳ ಒಳಗೆ ಯಾರೂ ಇರಲಿಲ್ಲವಾದ್ದರಿಂದ, ಅಭ್ಯರ್ಥಿ 31 ರವರು ನಡಿಗೆಗೆ ಗೈರುಹಾಜರಾಗಿ ತರಬೇತಿಯನ್ನು ಸ್ವಇಚ್ಛೆಯಿಂದ ತೊರೆದಿರುತ್ತಾರೆ. ಇವರು ಇಪ್ಪತ್ತನೆಯವರು. ಕಾರಣ: ಮೊಹರಿನಲ್ಲಿರುವಂತೆ.

ಸಹಿ/-
ನಿರ್ದೇಶಕರು

ಪ್ರತಿಗಳು:

ಅ) ಉಗ್ರಾಣದ ಗುಮಾಸ್ತರಿಗೆ: ಮುಂದಿನ ಸಾಲಿನ ಅಭ್ಯರ್ಥಿಗಳ ಪಾದ ವಹಿಯನ್ನು ಅವರು ಆಯ್ಕೆಯಾಗುವ ಮೊದಲೇ ಭರ್ತಿ ಮಾಡಿರುವುದಕ್ಕೆ ಮೆಚ್ಚುಗೆಯೊಂದಿಗೆ.

ಆ) ಉತ್ತೀರ್ಣ ಬೂಟುಗಳಿಗೆ: ಎಡ ಮತ್ತು ಬಲಕ್ಕೆ ಪ್ರತ್ಯೇಕವಾಗಿ.

ಇ) ಅಭ್ಯರ್ಥಿ 31 ರವರಿಗೆ: ಗೇಟಿನ ಹೊರಬದಿಯಲ್ಲಿ ಅಂಟಿಸುವುದು.

ಈ) ಸದರಿಯವರ ತಾಯಿಯವರಿಗೆ: ತಮ್ಮ ಪಾರ್ಸೆಲ್ ಸುರಕ್ಷಿತವಾಗಿದೆ. ಪಥಸಂಚಲನದ ದಿನ ವಂದನೆ ಸ್ವೀಕರಿಸುವ ವೇದಿಕೆಯ ಮೇಲೆ ಅದನ್ನು ನೋಡಬಹುದು. ನಿರ್ದೇಶಕರ ಕಾಲು ಹತ್ತನೇ ನಂಬರಿನದಾಗಿರುತ್ತದೆ.