ವರ್ಗಮೂಲಕ್ಕೆ ಸೂರು ಹಾಕಿದ ಮಾಮಾ

ನಮ್ಮ ಮಾಮಾ ಇಡೀ ಜೀವಮಾನದಲ್ಲಿ ಯಾರನ್ನೂ ದ್ವೇಷಿಸಿದವರಲ್ಲ. ಉರಿ ಬಿಸಿಲಲ್ಲಿ ಬಂದ ವಿಮಾ ಏಜೆಂಟನಿಗೂ ಕೂಡಿಸಿ ಚಹಾ ಕೊಟ್ಟು ಕಳಿಸಿದ ಪುಣ್ಯಾತ್ಮ! ಅವರಿಗಿದ್ದ ವೈರಿ ಒಂದೇ ಒಂದು, ಅದೂ ಮನುಷ್ಯನಲ್ಲ, ಓರೆಗೆರೆ. ತಾರೀಖು ಬರೆಯುವಾಗ ದಿನಕ್ಕೂ ತಿಂಗಳಿಗೂ ನಡುವೆ ನಾವೆಲ್ಲ ಎಳೆಯುತ್ತೇವಲ್ಲ, ಆ ಬಡಪಾಯಿ ವಾಲುಗೆರೆ. ಅದನ್ನು ಕಂಡರೆ ಸಾಕು, ಮಾಮಾನ ಹುಬ್ಬುಗಳು ಗಂಟು ಹಾಕಿಕೊಳ್ಳುತ್ತಿದ್ದವು.

ಮಾಮಾ ಅಂದರೆ ನಮ್ಮ ಅವ್ವನ ಅಣ್ಣ, ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನಾನು ಗೋಕಾಕದ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟವಳು. ತೊಂಬತ್ತರ ದಶಕದ ಕೊನೆ, ಕಂಪ್ಯೂಟರ್ ಇರುವ ಕೋಣೆಗೆ ಜನ ಚಪ್ಪಲಿ ಬಿಟ್ಟು ಬರುತ್ತಿದ್ದ ಕಾಲ. ಲಗ್ನಪತ್ರಿಕೆ, ಜಾವಳದ ಕಾರ್ಡು, ಎತ್ತಿನ ಸಂತೆಯ ಹ್ಯಾಂಡ್‌ಬಿಲ್ಲು, ಇದಿಷ್ಟು ನನ್ನ ಸಾಹಿತ್ಯ ಸೇವೆ! ಅಂಥಲ್ಲಿಗೆ ಒಂದು ದಿನ ಮಾಮಾ ಬಗಲಲ್ಲಿ ಕಾಗದದ ಕಟ್ಟು ಹಿಡಿದು ಬಂದರು. ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾದವರಿಗಾಗಿಯೇ ಕನ್ನಡದಲ್ಲಿ ಬೀಜಗಣಿತದ ಪುಸ್ತಕ ಬರೆದಿದ್ದರು.

"ಟೈಪ್ ಮಾಡವ್ವಾ. ಆದರ ನಾ ಬಾಜೂ ಕುಂದರತೇನಿ," ಅಂದರು.

ಆ "ಆದರ" ಎಷ್ಟು ಭಾರದ್ದು ಅಂತ ನನಗೆ ಆಗ ಎಲ್ಲಿ ಗೊತ್ತಿತ್ತು?

ಮೊದಲ ಪುಟದಲ್ಲೇ ಭಿನ್ನರಾಶಿ ಬಂತು. ನಾನು ಎ ಹೊಡೆದು, ಓರೆಗೆರೆ ಹೊಡೆದು, ಬಿ ಹೊಡೆದೆ. ಮಾಮಾ ಚೇಳು ಕಡಿದವರ ಹಾಗೆ ಎದ್ದು ನಿಂತರು.

"ಏನ ಮಾಡಿದಿ ಇದು? ಅಂಶ ಆ ಕಡೆ, ಛೇದ ಈ ಕಡೆ, ನಡುವ ಒಂದು ಬಡಿಗಿ! ಗಂಡ ಹೆಂಡತಿ ಜಗಳಾಡಿ ಕುಂತಂಗ ಐತಿ. ಅಂಶ ಮ್ಯಾಲೆ ನಿಂದರಬೇಕು, ಛೇದ ಕೆಳಗ ಹೊರಬೇಕು. ಸಂಸಾರ ಅಂದರ ಹಂಗ."

"ಮಾಮಾ, ಕಂಪ್ಯೂಟರಿನಾಗ ಹಿಂಗ ಬರೀತಾರ್ರಿ."

"ಕಂಪ್ಯೂಟರ್ ಯಾವ ಸಾಲಿಗೆ ಹೋಗೇತಿ?"

ಅಂತೂ ಮೇಲೊಂದು ಕೆಳಗೊಂದು ಹೊಂದಿಸಿ ಸಂಸಾರ ಸರಿಮಾಡಿದೆ. ಆಮೇಲೆ ವರ್ಗಮೂಲ ಬಂತು. ನನ್ನಲ್ಲಿದ್ದ ಅಕ್ಷರಗಳಲ್ಲಿ ವರ್ಗಮೂಲದ ಚಿಹ್ನೆಯ ಮೇಲ್ಗೆರೆ ಗೇಣಷ್ಟೂ ಇರಲಿಲ್ಲ, ಎ ತಲೆಯ ಮೇಲೆ ಬಂದು ನಿಂತುಬಿಡುತ್ತಿತ್ತು. ಪಕ್ಕದ ಬಿ ಬಯಲಲ್ಲಿ. ಮಾಮಾ ಮರುಗಿದರು. "ಪಾಪ, ಮಳಿ ಬಂದರ ಬಿ ತೋಯಿಸಿಕೊಂತೈತಿ. ಸೂರು ಉದ್ದ ಮಾಡವ್ವಾ."

ಕೊನೆಗೆ ಪ್ರತಿ ಪುಟದ ಪ್ರಿಂಟು ತೆಗೆದು ಸ್ಕೇಲು, ಕರಿ ಪೆನ್ನು ಹಿಡಿದು ನಾವಿಬ್ಬರೂ ವರ್ಗಮೂಲಗಳಿಗೆ ಸೂರು ಹಾಕುತ್ತ ಕೂತೆವು. ಲಗ್ನಪತ್ರಿಕೆಗೆ ಕಾದು ಕಾದು ಸುಸ್ತಾದ ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು, "ನಮ್ಮ ಹುಡುಗಗ ಕೂಸು ಹುಟ್ಟಿದ ಮ್ಯಾಲೆ ಪತ್ರಿಕಿ ಕೊಡ್ತೀರೇನ್ರಿ?"

ಮಾಮಾ ಸ್ಕೇಲು ಕೆಳಗಿಡದೆ ಹೇಳಿದರು, "ಲಗ್ನ ಪತ್ರಿಕಿ ಇಲ್ದನೂ ಆಕ್ಕಾವ್ರಿ. ವರ್ಗಮೂಲ ಸೂರು ಇಲ್ದ ಆಗಾಂಗಿಲ್ಲ!"

ಪುಸ್ತಕ ಅಚ್ಚಾಯಿತು, ಹಂಚಿ ಮುಗಿಯಿತು. ಮಾಮಾ ನಿವೃತ್ತರಾದರು. ಇನ್ನು ನನಗೆ ಮುಕ್ತಿ ಅಂದುಕೊಂಡಿದ್ದೆ. ಆದರೆ ಅಷ್ಟರಲ್ಲಿ ಗೋಕಾಕಕ್ಕೆ ಇಂಟರ್ನೆಟ್ಟು ಬಂತು! ಪುಸ್ತಕವನ್ನು ಅಚ್ಚು ಹಾಕದೆ ಅಲ್ಲೇ ಇಡಬಹುದು, ಯಾರು ಬೇಕಾದರೂ ಪುಕ್ಕಟೆ ಓದಬಹುದು ಅಂತ ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ. ಮರುದಿನ ಮೊದಲ ಬಸ್ಸಿಗೆ ಮಾಮಾ ಹಾಜರ್.

ಅದಕ್ಕೆ ಮಾರ್ಕ್‌ಡೌನ್ ಅಂತ ಒಂದು ಸುಲಭದ ಬರವಣಿಗೆ ಕಲಿತಿದ್ದೆ. ಸಾದಾ ಅಕ್ಷರದಲ್ಲೇ ಬರೆಯುವುದು. ಒಂದು ಪದದ ಎರಡೂ ಬದಿಗೆ ನಕ್ಷತ್ರದ ಚಿಹ್ನೆ ಇಟ್ಟರೆ ಆ ಪದ ತಾನೇ ವಾಲಕ್ಷರವಾಗುತ್ತದೆ, ನಕ್ಷತ್ರ ಮಾಯವಾಗುತ್ತದೆ. ಕಥೆ ಕವಿತೆ ಬರೆಯುವವರಿಗೆ ಸ್ವರ್ಗ. ಆದರೆ ಮಾಮಾ ಬರೆಸಿದ್ದು ಎ ನಕ್ಷತ್ರ ಬಿ ನಕ್ಷತ್ರ ಸಿ, ಅಂದರೆ ಎ, ಬಿ, ಸಿಗಳ ಗುಣಾಕಾರ. ಪರದೆಯ ಮೇಲೆ ಏನು ಬಂತು? ನಕ್ಷತ್ರ ಎರಡೂ ಮಾಯ, ನಡುವಿನ ಬಿ ಓರೆಯಾಗಿ ನಿಂತಿದೆ!

"ಬಿಗೆ ಏನಾತು?" ಮಾಮಾ ಗಾಬರಿಯಾದರು. "ಕುಡದೈತೇನು?"

"ಇಲ್ಲರಿ ಮಾಮಾ, ನಕ್ಷತ್ರ ಕಂಡಕೂಡಲೇ ಅದನ್ನ ವಾಲಿಸಬೇಕಂತ ತಿಳಕೊಂಡೈತಿ."

"ನನ್ನ ಗುಣಾಕಾರ ನುಂಗಿ ನೀರು ಕುಡೀತಲ್ಲ!"

ಇದಕ್ಕೂ ಪರಿಹಾರವಿತ್ತು. ನಕ್ಷತ್ರಕ್ಕಿಂತ ಮೊದಲು ಒಂದು ಗೆರೆ ಇಟ್ಟರೆ ಯಂತ್ರ ಅದರ ತಂಟೆಗೆ ಹೋಗುವುದಿಲ್ಲ. ಆದರೆ ಆ ಗೆರೆ ಯಾವುದು? ಓರೆಗೆರೆ! ಹೇಳಲೋ ಬೇಡವೋ ಅಂತ ಅಳುಕುತ್ತಲೇ ಆ ಕೀಲಿಗೆ ಬೆರಳು ತೋರಿಸಿದೆ. ಮಾಮಾ ಕೀಲಿಮಣೆಯ ಮೇಲೆ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ತೀರ್ಪು ಬಂತು.

"ಇದು ಆ ಕಡೆ ವಾಲೇತಿ. ಬ್ಯಾರೇ ಮನಿತನದ್ದು. ನಡೀತೈತಿ!"

ದೊಡ್ಡ ಸೂತ್ರಗಳಿಗೆ ಬೇರೆ ದಾರಿ. ಡಾಲರಿನ ಚಿಹ್ನೆ ಹಾಕಿ, ಸೂತ್ರ ಬರೆದು, ಮತ್ತೆ ಡಾಲರ್ ಹಾಕಬೇಕು. ದೂರದ ಯಾವುದೋ ಊರಿನ ಯಂತ್ರ ಅದನ್ನು ಚೆಂದದ ಚಿತ್ರ ಮಾಡಿ ಕಳಿಸುತ್ತಿತ್ತು. ಭಿನ್ನರಾಶಿ ನೆಟ್ಟಗೆ ನಿಲ್ಲುತ್ತಿತ್ತು, ವರ್ಗಮೂಲದ ಸೂರು ಬೇಕಾದಷ್ಟು ಉದ್ದ! ಮಾಮಾನಿಗೆ ಖುಷಿಯೋ ಖುಷಿ. ಆದರೂ ಕೇಳದೆ ಬಿಡಲಿಲ್ಲ, "ಕನ್ನಡ ಗಣಿತಕ್ಕ ಅಮೇರಿಕಾದ ರೊಕ್ಕ ಯಾಕ?" ಬುತ್ತಿ ತಂದಿದ್ದ ಮಾಮಾನ ಹೆಂಡತಿ, ನಮ್ಮ ಅತ್ತಿ, ರೊಟ್ಟಿ ಬಿಚ್ಚುತ್ತ ಅಂದರು, "ಮುಂಜಾನಿಂದ ಇಷ್ಟು ಡಾಲರ್ ಬಡದೀರಿ, ಒಂದರ ಮನಿಗೆ ಬಂದೈತೇನ್ರಿ?"

ಇಷ್ಟಕ್ಕೇ ಮುಗಿಯಿತೇ? ಆ ಚಿತ್ರಗಳು ಸಾಲಿನ ಅಕ್ಷರಗಳ ಜೊತೆ ಸರಿಯಾಗಿ ಕೂಡುತ್ತಿರಲಿಲ್ಲ. ಒಂದು ಚೂರು ಮೇಲೆ, ಒಂದು ಚೂರು ಕೆಳಗೆ. ಮಾಮಾ ಫೂಟುಪಟ್ಟಿಯನ್ನು ಪರದೆಗೆ ಹಚ್ಚಿ ಅಳೆದು, "ಎಕ್ಸ್ ಹೊಸ್ತಿಲ ಮ್ಯಾಲೆ ನಿಂತೈತಿ, ಒಳಗ ಕರಿ," ಅನ್ನುತ್ತಿದ್ದರು. ಅತಿಥಿ ಬಂದ ಹಾಗೆ ನಾನು ಎಕ್ಸನ್ನು ಒಳಗೆ ಕರೆಯಬೇಕು!

ಇದರ ಮೇಲೆ ಇನ್ನೊಂದು ಹುಚ್ಚು. ಚಿತ್ರ ಬರದೇ ಹೋದರೆ ಅದರ ಜಾಗದಲ್ಲಿ ಕಾಣಲಿ ಅಂತ ಪ್ರತಿ ಚಿತ್ರಕ್ಕೂ ನಾಲ್ಕು ಮಾತು ಬರೆದಿಡುವ ಅವಕಾಶವಿತ್ತು. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಮಾಮಾ ಬಿಟ್ಟಾರೆಯೇ? ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಒಂದೊಂದು ಸೂತ್ರಕ್ಕೂ ಮಾತು ಹೇಳಿ ಬರೆಸಿದರು. "ಮ್ಯಾಲೆ ಎ ಕೂಡಿಸು ಬಿ. ಅದರ ಕೆಳಗ ಅಡ್ಡ ಗೆರಿ. ಗೆರಿ ಕೆಳಗ ಎರಡು. ಅಂದರ ಇಬ್ಬರಿಗೂ ಸಮ ಹಂಚಾಕತ್ತೇವಿ." ನಾನು ಬೆರಳು ಮುರಿದುಕೊಂಡು ಟೈಪು ಮಾಡಿದೆ. ಯಾರು ಓದುತ್ತಾರೆ ಇದನ್ನೆಲ್ಲ ಅಂತ ಒಳಗೊಳಗೇ ಗೊಣಗಿದೆ.

ಪುಸ್ತಕ ಇಂಟರ್ನೆಟ್ಟಿಗೆ ಏರಿತು. ಕೆಲವು ತಿಂಗಳು ಸುಖವಾಗಿತ್ತು. ಆಮೇಲೆ ಒಂದು ಮುಂಜಾನೆ ತೆರೆದು ನೋಡಿದರೆ ಒಂದು ಸೂತ್ರವೂ ಇಲ್ಲ! ಚಿತ್ರ ಮಾಡಿ ಕಳಿಸುತ್ತಿದ್ದ ಆ ದೂರದ ಯಂತ್ರ ಕೆಲಸ ನಿಲ್ಲಿಸಿತ್ತು. ಪುಟದ ತುಂಬ ಖಾಲಿ ಚೌಕ, ಮೂಲೆಗೊಂದು ಕೆಂಪು ಕಾಟು ಗುರುತು, ಒಳಗೆ ಮಾಮಾ ಬರೆಸಿದ ಮಾತುಗಳಷ್ಟೇ.

ಮಾಮಾ ಬಂದು ನೋಡಿದರು. ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಸೂತ್ರನ ಇಲ್ಲ, ಬರೇ ಮಾತು ಉಳದಾವ. ತಗದಬಿಡವ್ವಾ. ಅರ್ಧಮರ್ಧ ಗಣಿತ ಮಂದಿಗೆ ಕೊಡಬಾರದು."

ಬೇರೆ ದಾರಿ ಹುಡುಕೋಣ ಅಂದೆ, ಕೇಳಲಿಲ್ಲ. ಹೇಳಿದಂತೆ ತೆಗೆದೆ. ಮಾಮಾ ಚಹಾವನ್ನೂ ಕುಡಿಯದೆ ಮೂಡಲಗಿ ಬಸ್ಸು ಹತ್ತಿದರು.

ಎರಡು ದಿನ ಬಿಟ್ಟು ಅಂಗಡಿಯ ಫೋನು ಬಡಿದುಕೊಂಡಿತು. ಪುಸ್ತಕದ ಕೆಳಗೆ ನಮ್ಮ ನಂಬರ್ ಹಾಕಿದ್ದೆ. ಮಾಮಾ ಅಂದು ಪೇಟೆಗೆ ಬಂದವರು ಅಲ್ಲೇ ಕೂತಿದ್ದರು. ಆ ಕಡೆ ಒಂದು ಹೆಣ್ಣು ದನಿ.

"ಅಕ್ಕಾರ, ಗಣಿತದ ಪುಸ್ತಕ ಎಲ್ಲಿ ಹೋತ್ರಿ? ಮುಂದಿನ ವಾರ ನಂದು ಪರೀಕ್ಷಾ ಐತ್ರಿ."

ಸುರೇಖಾ ಅಂತ ಅವಳ ಹೆಸರು. ಮೂಡಲಗಿಯ ಹುಡುಗಿ, ಮಾಮಾನ ವಿದ್ಯಾರ್ಥಿನಿ. ಹತ್ತನೆಯದರಲ್ಲಿ ಗಣಿತ ಹೋಯಿತು, ಸಾಲಿ ಬಿಡಿಸಿದರು, ಲಗ್ನವಾಗಿ ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿಗೆ ಬಂದಳು. ಈಗ ಅಂಗನವಾಡಿಯ ಕೆಲಸಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಹತ್ತನೆಯದು ಪಾಸಾಗಿರಬೇಕು. ಗಂಡನದು ಝೆರಾಕ್ಸ್ ಅಂಗಡಿ, ಅಲ್ಲೊಂದು ಕಂಪ್ಯೂಟರ್. ಫೋನಿಗೆ ಸ್ಪೀಕರ್ ಹಚ್ಚಿ ಮಾಮಾನನ್ನು ಕರೆದೆ.

"ಏನ ಓದಿದಿ ತಂಗಿ? ಅದರಾಗಿನ ಚಿತ್ರನ ಹೋಗ್ಯಾವಲ್ಲ," ಅಂದರು ಮಾಮಾ.

"ಯಾವ ಚಿತ್ರರೀ ಸರ್?"

ಬಿಡಿಸಿ ಕೇಳಿದಾಗ ಗೊತ್ತಾಯಿತು. ಅಲ್ಲಿ ಇಂಟರ್ನೆಟ್ಟು ಆಮೆ ನಡಿಗೆಯದ್ದು. ಪುಟ ಬೇಗ ತೆರೆಯಲಿ ಅಂತ ಅವಳ ಗಂಡ ಕಂಪ್ಯೂಟರಿನಲ್ಲಿ ಚಿತ್ರಗಳನ್ನೇ ಬಂದ್ ಮಾಡಿಟ್ಟಿದ್ದ. ಆ ಪುಸ್ತಕದಲ್ಲಿ ಚಿತ್ರ ಇದ್ದವು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ!

"ನೀವು ಹೇಳೀರಲ್ಲರಿ, ಮ್ಯಾಲೆ ಇದು, ಕೆಳಗ ಅದು ಅಂತ. ಅದನ್ನ ಓದಿ ಬರಕೋತಿದ್ನಿ. ಸಾಲ್ಯಾಗ ನಿಮ್ಮನ್ನ ಕಂಡರ ಅಂಜಿಕಿ ಬರತಿತ್ತರಿ ಸರ್, ತಿಳೀದಿದ್ರ ಕೇಳಾಕ ಬಾಯಿ ಬರತಿದ್ದಿಲ್ಲ. ಇಲ್ಲೆ ಎಷ್ಟ ಸಲ ಓದಿದ್ರೂ ನೀವು ಸಿಟ್ಟ ಮಾಡಲಿಲ್ಲ."

ಮಾಮಾ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡರು. ನಾನು ಅಷ್ಟರಲ್ಲೇ ಪುಸ್ತಕವನ್ನು ವಾಪಸು ಏರಿಸಿದೆ, ಚಿತ್ರವಿಲ್ಲದೆ, ಬರೀ ಮಾತಿನ ಸಮೇತ.

"ಯಾವ ಲೆಕ್ಕ ತಿಳೀವಲ್ದು ಈಗ?" ಕೇಳಿದರು ಮಾಮಾ. ಅವಳು ಹೇಳಿದಳು. "ನಾಳಿ ಬರತೇನಿ," ಅಂದರು.

ಮರುದಿನ ನನ್ನನ್ನೂ ಎಳೆದುಕೊಂಡು ದಡ್ಡಿಗೆ ಹೋದರು. ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು, ಸಂಜೆಯ ಬಸ್ಸು ಬರುವತನಕ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿದರು. ಅವಳು ಕೇಳಿದ್ದನ್ನೇ ಮತ್ತೆ ಕೇಳಿದಳು. ಮಾಮಾ ಹೇಳಿದ್ದನ್ನೇ ಮತ್ತೆ ಹೇಳಿದರು. ಹೊರಡುವಾಗ ಅವಳ ಗಂಡ ಚುರುಮುರಿ ಕಟ್ಟಿಕೊಟ್ಟ. ಬಸ್ಸಿನಲ್ಲಿ ಮಾಮಾ ಅದನ್ನು ಮುಟ್ಟದೆ ಕಿಟಕಿಯಾಚೆ ನೋಡುತ್ತಿದ್ದರು.

"ಅಂಜತಿದ್ಲಂತ," ಅಂದರು. "ನನಗ ಗೊತ್ತ ಇರಲಿಲ್ಲ ನೋಡವ್ವಾ."

ಸುರೇಖಾ ಪಾಸಾದಳು. ಫೋನು ಮಾಡಿ ಹೇಳಿದಾಗ ಮಾಮಾ ಎಷ್ಟು ಅಂಕ ಅಂತ ಕೇಳಲೇ ಇಲ್ಲ. ಮೂವತ್ತು ವರ್ಷ ಅಂಕದ ಹೊರತು ಬೇರೇನನ್ನೂ ಕೇಳದ ಮನುಷ್ಯ, "ನಿಮ್ಮ ಓಣ್ಯಾಗ ಇನ್ನೂ ಯಾರರ ಓದಾವ್ರು ಅದಾರೇನು?" ಅಂತ ಕೇಳಿದರು.

ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿದ್ದರು. ಈ ಸಲ ರೇಖಾಗಣಿತವಂತೆ. ಚಿತ್ರ ಬೇಡವಂತೆ, ಮೊದಲು ಮಾತು. ನಾನು ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದೆ. ಮಾಮಾ ಗಂಟಲು ಸರಿಮಾಡಿಕೊಂಡರು. ಆಮೇಲೆ ಆ ದನಿಯನ್ನು ನಾನು ಅವರ ಬಾಯಲ್ಲಿ ಮೊದಲ ಸಲ ಕೇಳಿದೆ, ಮಗುವಿನ ತಲೆ ನೇವರಿಸುವಾಗಿನ ದನಿ.

"ಬರಿಯವ್ವಾ. ಒಂದು ತ್ರಿಕೋನ ಐತಿ ಅಂತ ತಿಳಕೋ. ಕಾಣವಲ್ದು ಅಂದರ ಗಾಬರಿ ಆಗಬ್ಯಾಡ. ಸಾವಕಾಶ ನೋಡು. ನಾ ಇಲ್ಲೇ ಅದೇನಿ."