ಮಾವನ ಕಪ್ಪು ದ್ರವ್ಯ

ಜಗತ್ತಿನಲ್ಲಿ ತೂಕವೇ ಇಲ್ಲದ್ದು ಒಂದೇ ಒಂದು, ಅದು ನಮ್ಮ ಮಾವನ ಮಾತು ಎಂದು ಅತ್ತೆ ಹೇಳುತ್ತಿದ್ದರು. ಮಾವನಿಗೆ ಕೃಷ್ಣರಾಜಪುರದ ಕಾರ್ಖಾನೆಯೊಂದರಲ್ಲಿ ತಕ್ಕಡಿಗಳನ್ನು ತಪಾಸಣೆ ಮಾಡುವ ಕೆಲಸ. ಹಲಸೂರು ಮಾರ್ಕೆಟ್ಟಿನಲ್ಲೂ ಅವರ ಕಣ್ಣು ತಕ್ಕಡಿಯ ಮೇಲೆಯೇ. "ಅಣ್ಣಾ, ತಕ್ಕಡಿ ಮಾರಕ್ಕಿಲ್ಲ, ಬೆಂಡೆಕಾಯಿ ನೋಡು," ಎಂದಿದ್ದಳು ಒಬ್ಬಾಕೆ.

ನಿವೃತ್ತಿಯಾದ ಮೇಲೆ ಅವರಿಗೆ ನ್ಯೂಟ್ರಿನೊ ಹುಚ್ಚು ಹಿಡಿದುಕೊಂಡಿತು. ನಮ್ಮ ಮೈಯೊಳಗಿಂದ ಕೋಟಿಗಟ್ಟಲೆ ತೂರಿಹೋಗುವ, ತೂಕ ಇದೆಯೋ ಇಲ್ಲವೋ ಎನ್ನುವಂಥ ಕಣ. ಇರುವ ಆ ಚೂರು ತೂಕ ಎಲ್ಲಿಂದ ಬಂತು? ಬ್ರಹ್ಮಾಂಡದಲ್ಲಿ ಯಾರ ಕಣ್ಣಿಗೂ ಬೀಳದೆ ಅಡಗಿರುವ ಕಪ್ಪು ದ್ರವ್ಯದ ಕಣಗಳೇ ಕೊಡುತ್ತಿರಬಹುದು ಎಂಬ ಮಾದರಿಯೊಂದನ್ನು ಎಲ್ಲೋ ಓದಿದ ಮಾವ, ಇಂದಿರಾನಗರದ ಸಂಘವೊಂದರಲ್ಲಿ ಉಪನ್ಯಾಸಕ್ಕೇ ನಿಂತುಬಿಟ್ಟರು. ಕರಪತ್ರದಲ್ಲಿ ಯಕಾರದ ಒತ್ತು ಬಿದ್ದುಹೋಗಿ 'ಕಪ್ಪು ದ್ರವ' ಎಂದಾಗಿತ್ತು. ಸಭೆ ತುಂಬದೆ ಇರುತ್ತದೆಯೇ? ಅರ್ಧ ಗಂಟೆ ತಾಳ್ಮೆಯಿಂದ ಕೇಳಿದ ನರೆತಲೆಯವರೊಬ್ಬರು ಎದ್ದರು.

"ಎಲ್ಲಾ ಸರಿ ಸಾರ್, ತಲೆಗೆ ಹಚ್ಚಿ ಎಷ್ಟೊತ್ತು ಬಿಡ್ಬೇಕು?"

"ಹಚ್ಕೊಂಡೇ ಹುಟ್ಟಿದ್ದೀರಿ ಸ್ವಾಮಿ," ಎಂದರು ಮಾವ.

ಹಿಂದಿನ ಸಾಲಿನಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ಬಾಗಿದ್ದರು. ನಗುವೆಂದೇ ನನ್ನ ಡೈರಿಯಲ್ಲಿದೆ. ಈಗ ಖಾತ್ರಿಯಿಲ್ಲ. ಆಗಲೇ ಹೊಟ್ಟೆಯಲ್ಲಿ ಕ್ಯಾನ್ಸರ್ ಬೆಳೆದಿತ್ತು.

"ನಲವತ್ತು ಕಿಲೋಗಿಂತ ಕಮ್ಮಿಯಾದ್ರೆ ಕೀಮೋ ಕೊಡಕ್ಕಾಗಲ್ಲ," ಎಂದರು ಡಾಕ್ಟರು. ಮಾವ ದಿನವೂ ಬೆಳಿಗ್ಗೆ ಅತ್ತೆಯನ್ನು ತೂಗತೊಡಗಿದರು.

"ರೀ, ಕೊನೆಗೆ ನನ್ನನ್ನೂ ನ್ಯೂಟ್ರಿನೊ ಮಾಡ್ಬಿಟ್ರಿ."

"ಗಂಜಿ ಕುಡಿ, ಮಾತು ಬೇಡ."

ಮೂರನೆಯ ಸಲ ಕೀಮೋಗೆ ಹೊರಟ ಬೆಳಿಗ್ಗೆ ಮನೆಯಲ್ಲಿ ಮೂವತ್ತೆಂಟು ಬಂತು. ಮಾವ ಆಟೋ ಕರೆದರು. ಆಸ್ಪತ್ರೆಯಲ್ಲಿ ಅತ್ತೆ ತೂಕದ ಯಂತ್ರ ಹತ್ತಿದಾಗ, ಬೀಳದಂತೆ ತೋಳು ಹಿಡಿದು ಹಿಂದೆಯೇ ನಿಂತರು. ಮುಳ್ಳು ನಲವತ್ತೊಂದಕ್ಕೆ ಹೋಯಿತು. ನರ್ಸ್ ಬರೆದುಕೊಂಡರು. ನಾನು ಕೆಳಗೆ ನೋಡಿದೆ. ಚಪ್ಪಲಿ ಕಳಚಿದ ಮಾವನ ಕಾಲಿನ ಹೆಬ್ಬೆರಳು ಯಂತ್ರದ ಅಂಚನ್ನು ಒತ್ತಿತ್ತು.

ಕೀಮೋ ಕೊಟ್ಟರು. ಅತ್ತೆ ಹತ್ತು ದಿನ ಇದ್ದರು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಬಡಿಸುತ್ತಿದ್ದಾಗ ಮಾವ ನನ್ನ ಕೈ ಹಿಡಿದು ನಿಲ್ಲಿಸಿದರು.

"ಆವತ್ತು ಆಸ್ಪತ್ರೇಲಿ ನೀನು ನೋಡಿದೆ, ಅಲ್ವೇನೇ?"

"ಏನನ್ನ, ಮಾವ?" ಎಂದೆ.

ಅವರು ತುಂಬ ಹೊತ್ತು ಕೈ ಬಿಡಲಿಲ್ಲ.