ಕೌದಿ ಚಕ್ರವರ್ತಿಯ ಕಾರ್ಡು

ಆಳಂದದ ಭೀಮಶಾನಿಗೆ ಲೋಕದ ಮೇಲೆ ಒಂದೇ ದೂರು: ತನ್ನ ಬರವಣಿಗೆಯ ಬೆಲೆ ಯಾರಿಗೂ ತಿಳಿಯದು. ಹೆಂಡತಿ ನಿಂಬೆವ್ವನಿಗಂತೂ ಎಳ್ಳಷ್ಟೂ ತಿಳಿಯದು. ಆಕೆ ೧೯೪೭ರ ಮಳೆಗಾಲವಿಡೀ ಹಳೆಯ ಸೀರೆಗಳನ್ನು ಕೂಡಿಸಿ ಏಳು ಕೌದಿ ಹೊಲಿದಿದ್ದಳು. ಚಳಿ ಮುಗಿಯುವುದರೊಳಗೆ ಅವು ಮಾರಿಹೋದರೆ ಮನೆಗೊಂದು ಸ್ವಂತ ಬೀಸುಕಲ್ಲು. ಇಲ್ಲವಾದರೆ ಇನ್ನೊಂದು ವರ್ಷ ಪಕ್ಕದ ಮನೆಯ ಗುರುಬಾಯಿಯ ಕಲ್ಲು, ಹಿಟ್ಟಿನ ಜೊತೆಗೆ ಆಕೆಯ ಕೊಂಕು.

"ನೀ ಹೊಲದಿ, ನಾ ಮಾರ್ತೇನಿ ನೋಡು," ಎಂದು ಭೀಮಶಾ ಟಪಾಲು ಕಾರ್ಡು ಹಿಡಿದು ಕೂತ. ಸುತ್ತಿನ ಉಳ್ಳವರ ಪೈಕಿ ಅಫಜಲಪುರದ ದೌಲತರಾಯರಿಗೊಂದು, ಜೇವರ್ಗಿಯ ಸುಭದ್ರಾಬಾಯಿಗೊಂದು ಬರೆದು, ಹೆಂಡತಿಗೆ ಗಟ್ಟಿಯಾಗಿ ಓದಿದ: "ತ್ರಿಲೋಕವಿಖ್ಯಾತ ಕೌದಿ! ಹೊದ್ದವರು ಮೂರು ದಿನ ಏಳರು! ಮುದುಕರಿಗೆ ಹಲ್ಲು ಮರಳುವುದು! ಅಷ್ಟೇಕೆ, ಈ ಕಾಗದ ಓದಿದರೇ ಚಳಿ ಓಡುವುದು! ಇತಿ, ಕೌದಿ ಚಕ್ರವರ್ತಿ, ಆಳಂದ." (ತ್ರಿಲೋಕದ ಮಾತು ಬಿಡಿ, ಪಕ್ಕದ ನರೋಣಾ ಊರಿನವರಿಗೇ ಸುದ್ದಿ ಇರಲಿಲ್ಲ.) ಇಂಥದೇ ಮೂರನೆಯದನ್ನು ಮುಂದಿನ ಗಿರಾಕಿಗೆಂದು ಜಂತಿಗೆ ಸಿಕ್ಕಿಸಿಟ್ಟ.

"ಇಷ್ಟು ಸುಳ್ಳು ಒಂದು ಕಾರ್ಡಿನಾಗ ಹ್ಯಾಂಗ ಹಿಡಸ್ತದ್ರಿ?"

"ಸಣ್ಣ ಅಕ್ಷರ ಮಾಡೇನಿ. ನಿನಗ್ಯಾಕಬೇ ಸಾಹಿತ್ಯದ ಉಸಾಬರಿ?"

ಹದಿನೈದು ದಿನಕ್ಕೆ ಅಫಜಲಪುರದ ಉತ್ತರ ಬಂತು. "ನಮ್ಮ ಮನ್ಯಾಗ ಆಳುಗೋಳು ಈಗೇ ಹೊತ್ತೇರಿದ್ರೂ ಏಳೂದಿಲ್ಲ. ನಿಮ್ಮ ಕೌದಿ ಹೊಚ್ಚಿ ಮೂರು ದಿನ ಮಲಗಿಸಿದ್ರ ಜ್ವಾಳದ ರಾಶಿ ಯಾರು ಮಾಡ್ಬೇಕು? ಬ್ಯಾಡ್ರೆಪಾ." ಜೇವರ್ಗಿಯಿಂದ ಉತ್ತರವೇ ಇಲ್ಲ.

ಕಾರ್ಡೆಂದರೆ ತೆರೆದ ಕಾಗದ. ಭೀಮಶಾನ ಕಾರ್ಡುಗಳು ಊರ ಟಪಾಲು ಕಚೇರಿ ದಾಟುವುದರೊಳಗೆ ಅವನ್ನು ಓದದವರು ಉಳಿದಿರಲಿಲ್ಲ. "ಚಕ್ರವರ್ತಿ ಮನ್ಯಾಗ ಒಂದು ಬೀಸುಕಲ್ಲಿಲ್ಲೇನಬೇ?" ಎಂದು ಗುರುಬಾಯಿ ಕೇಳಿದ ದಿನ ನಿಂಬೆವ್ವನಿಗೆ ಅಳುವೇ ಬಂತು. ಮನೆಗೆ ಬಂದವಳೇ ಗಂಡನ ಮುಂದೆ ಖಾಲಿ ಕಾರ್ಡೊಂದನ್ನು ಒಗೆದಳು.

"ಈಗ ನಾ ಹೇಳ್ತೇನಿ, ನೀವು ಬರೀರಿ. ನಿಮ್ಮದೊಂದು ಅಕ್ಷರ ಕೂಡಿಸಿದ್ರ ರೊಟ್ಟಿ ಇಲ್ಲ."

ಭೀಮಶಾ ಬರೆದ: "ಹಳೇ ಸೀರಿ ಕೌದಿ. ಒಂದರ ಮೂಲಿ ಸೊಟ್ಟ ಅದ. ಒಗದ್ರ ಹಿಂಡಾಕ ಇಬ್ಬರು ಬೇಕು. ಬೆಚ್ಚಗ ಇರ್ತಾವ." ಇಂಥ ಬೆತ್ತಲೆ ಕಾಗದಕ್ಕೆ ಸಹಿ ಹಾಕಲು ನಾಚಿ, ಹೆಂಡತಿಯ ಹೆಸರು ಹಾಕಿ ಜೇವರ್ಗಿಗೆ ಕಳಿಸಿದ.

ಎಂಟನೆಯ ದಿನ ಸುಭದ್ರಾಬಾಯಿಯೇ ಬಾಗಿಲಿಗೆ ಬಂದಳು! ಬಾಣಂತಿ ಮಗಳ ಮನೆಗೆ ಹೊರಟವಳು ಗಾಡಿ ಇತ್ತ ತಿರುಗಿಸಿದ್ದಳು.

"ಮೊದಲ ಆ ಸೊಟ್ಟ ಮೂಲಿ ತೋರಸ್ರಿ." ನೋಡಿ ನಕ್ಕಳು. "ಖರೇನ ಸೊಟ್ಟ ಅದ! ಹಂಗಾರ ಬೆಚ್ಚಗ ಇರೂದೂ ಖರೇನ. ಹಿಂದಕ ಇದೇ ಊರಿಂದ ಒಂದು ಕಾಗದ ಬಂದಿತ್ತು. ನಮ್ಮತ್ತಿ ಕೇಳಿ, ಇದು ಮಾಟದ ಕೌದಿ ಅಂತ ಹೆದರಿ ಬಾಗಲಿಗಿ ನಿಂಬಿಹಣ್ಣು ಕಟ್ಟಿಸಿದ್ರು. ಅಂವ ಚಕ್ರವರ್ತಿ ಯಾರ್ರಿ?"

"ಯಾವನೋ ತಲಿ ಕೆಟ್ಟಾಂವ ಇರ್ಬೇಕ್ರಿ," ಎಂದ ಭೀಮಶಾ, ಗೋಡೆ ನೋಡುತ್ತ.

"ನನಗ ಎಂಟು ಬೇಕಿತ್ರಿ. ಏಳೇ ಅದಾವಲ್ಲ?"

ನಿಂಬೆವ್ವ ಒಳಗೆ ಹೋಗಿ ಗಂಡನ ಹಾಸಿಗೆಯ ಕೌದಿಯನ್ನೇ ಕೊಡವಿ ತಂದಳು. "ಇದು ಬಳಸಿದ್ದರಿ. ಒಂದು ತೂತೂ ಅದ."

"ನೀವೇ ಹೇಳಿದ್ರಲ್ಲ, ಸಾಕು," ಎಂದು ಸುಭದ್ರಾಬಾಯಿ ಅದನ್ನೂ ಗಾಡಿಗೆ ಹಾಕಿಸಿದಳು.

ಸಂಜೆಗೆ ಹೊಸ ಬೀಸುಕಲ್ಲು ಪಡಸಾಲೆಯಲ್ಲಿ ಗರಗರ ತಿರುಗುತ್ತಿತ್ತು. ಭೀಮಶಾ ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಟಕಟಿಸುತ್ತಿದ್ದ.

"ಚಳಿ ಕೊರ್ಯಾಕತ್ತದಬೇ! ನಾ ಏನು ಹೊಚ್ಕೊಳ್ಳಲಿ?"

ನಿಂಬೆವ್ವ ಎದ್ದು, ಜಂತಿಗೆ ಸಿಕ್ಕಿಸಿದ್ದ ಆ ಮೂರನೆಯ ಕಾರ್ಡು ತೆಗೆದು ಗಂಡನ ಕೈಗಿಟ್ಟಳು.

"ಹೊಚ್ಕೊಳ್ಳೂದ್ಯಾಕ್ರಿ? ಓದ್ರಿ."